ಒಪ್ಪಿಗೆ ಕೊಡದ ಕುರಿ

ಕೆಂಚನಬಾವಿಯ ಕಸಾಯಿಖಾನೆಗೆ ಎರಡು ಕಾನೂನುಗಳಿದ್ದವು. ಒಂದು ದಿಲ್ಲಿಯವರು ಬರೆದದ್ದು, ಅದನ್ನು ಅಲ್ಲಿ ಯಾರೂ ಓದಿರಲಿಲ್ಲ. ಇನ್ನೊಂದು ನರಸಣ್ಣನದು, ಅದನ್ನು ಯಾರೂ ಬರೆದಿರಲಿಲ್ಲ, ಮೀರುವ ಧೈರ್ಯವೂ ಯಾರಿಗೂ ಇರಲಿಲ್ಲ.

ನರಸಣ್ಣನ ಕಾನೂನು ಇಷ್ಟೇ. ಕೊಯ್ಯುವ ಮುಂಚೆ ಕುರಿಯ ಬೆನ್ನ ಮೇಲೆ ಒಂದು ಚೆಂಬು ನೀರು ಸುರಿಯಬೇಕು. ಕುರಿ ಮೈ ಕೊಡವಿದರೆ ಒಪ್ಪಿಗೆ ಕೊಟ್ಟಿತು ಎಂದು ಅರ್ಥ. ಕೊಡವದಿದ್ದರೆ ಕತ್ತಿ ಮುಟ್ಟುವ ಹಾಗಿಲ್ಲ. ದೇವರ ಮುಂದೆ ಬಲಿ ಕೊಡುವಾಗ ಈ ಸೀಮೆಯವರೆಲ್ಲ ಹೀಗೆ ಕೇಳುತ್ತಾರೆ. ದಿನದ ವ್ಯಾಪಾರಕ್ಕೆ ಕೊಯ್ಯುವ ಕುರಿಯನ್ನೂ ಕೇಳಿಯೇ ಕೊಯ್ಯುವವನು ನರಸಣ್ಣ ಒಬ್ಬನೇ. ನೀರು ಬಿದ್ದರೆ ನಾಯಿಯೂ ಮೈ ಕೊಡವುತ್ತದೆ, ಅದರಲ್ಲಿ ಒಪ್ಪಿಗೆ ಎಲ್ಲಿಂದ ಬಂತು ಎಂದು ಜಾಣರು ಕೇಳಬಹುದು. ಕೇಳಲಿ. ಕತ್ತಿ ಹಿಡಿಯದವರಿಗೆ ಮಾತು ಬಲು ಸುಲಭ.

ಈ ಎರಡು ಕಾನೂನುಗಳ ನಡುವೆ ಬಂದು ನಿಂತವಳು ಶೋಭಾರಾಣಿ. ಆದೋನಿಯ ಹತ್ತಿ ವ್ಯಾಪಾರಿಗಳ ಮನೆಯ ಮಗಳು, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಮೊಟ್ಟೆಯ ಹೆಸರನ್ನೂ ಪಿಸುಮಾತಿನಲ್ಲಿ ಹೇಳುವ ಮನೆಯಲ್ಲಿ ಬೆಳೆದವಳು ಪಶುವೈದ್ಯಕೀಯ ಓದಿ, ಸರಕಾರಿ ನೌಕರಿ ಹಿಡಿದು, ಕೆಂಚನಬಾವಿಯ ಪಶು ಆಸ್ಪತ್ರೆಗೆ ವರ್ಗವಾಗಿ ಬಂದಿದ್ದಳು. ದನಕ್ಕೆ ಸೂಜಿ ಚುಚ್ಚುವುದು, ಎಮ್ಮೆಯ ಹೆರಿಗೆ ಮಾಡಿಸುವುದು, ಇವುಗಳ ಜೊತೆಗೆ ಕಸಾಯಿಖಾನೆಯ ತಪಾಸಣೆಯೂ ಅವಳ ಪಾಲಿಗೆ ಬಂತು. ಅಲ್ಲಿ ಎಲ್ಲವೂ ಕಾನೂನಿನ ಪ್ರಕಾರ ನಡೆಯುತ್ತಿದೆಯೇ ಇಲ್ಲವೇ ಎಂದು ತಿಂಗಳ ಕೊನೆಗೆ ಮೇಲಿನವರಿಗೆ ಬರೆದು ತಿಳಿಸಬೇಕಿತ್ತು.

ಅವಳಿಗಿಂತ ಮುಂಚೆ ಇದ್ದ ಡಾಕ್ಟರು ಗೇಟಿನ ಹೊರಗೆ ಬೈಕ್ ಮೇಲೆ ಕೂತೇ ಸಹಿ ಹಾಕಿ ಹೋಗುತ್ತಿದ್ದರಂತೆ. ಆಸ್ಪತ್ರೆಯ ಅಟೆಂಡರ್ ಜಂಬುನಾಥ ಅವಳಿಗೂ ಅದೇ ದಾರಿ ತೋರಿಸಿದ.

"ಒಳಗ ನೀವು ಬರಬ್ಯಾಡ್ರಿ ಮೇಡಂ. ನೀವು ಲಿಂಗ ಕಟ್ಟಿದೋರು. ನಾ ಒಳಗ ಹೋಗಿ ನೋಡಿ ಬರತೀನಿ, ನೀವು ಇಲ್ಲೇ ನಿಂತು ಬರಕೊಂಡು ಬಿಡ್ರಿ."

"ನೀ ನೋಡಿದ್ದಕ್ಕ ನಾ ಸಹಿ ಹಾಕಿದ್ರ, ಸಂಬಳಾನೂ ನೀನ ತಗೋಬೇಕಾಗತೈತಿ ಜಂಬುನಾಥ" ಎಂದು ಶೋಭಾರಾಣಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ನಡೆದಳು.

ಒಳಗೆ ಕಂಡದ್ದು ಇದು. ತಗಡಿನ ಚಾವಣಿ, ಬಂಡೆ ಹಾಸಿದ ನೆಲ, ಪಕ್ಕದಲ್ಲಿ ಖಾಲಿ ಬಿದ್ದ ದೊಡ್ಡಿ. ಒಂದು ಗೋಡೆಯುದ್ದಕ್ಕೂ ಹಗ್ಗ, ಹಗ್ಗಕ್ಕೆ ಕುರಿಗಳು ಸಾಲಾಗಿ. ಅವುಗಳಿಂದ ನಾಲ್ಕು ಮಾರು ದೂರದಲ್ಲೇ ಕೊಯ್ಯುವ ಜಾಗ. ಒಂದರ ಸರದಿ ಬಂದಾಗ ಉಳಿದವೆಲ್ಲ ಅದನ್ನೇ ನೋಡುತ್ತಿದ್ದವು. ನರಸಣ್ಣ ಚೆಂಬಿನಿಂದ ನೀರು ಸುರಿದ. ಕುರಿ ಅಲುಗಲಿಲ್ಲ. ಇನ್ನೊಂದು ಚೆಂಬು ಸುರಿದ. ಕಿವಿ ನೆಟ್ಟಗೆ ಮಾಡಿ, ಕಣ್ಣು ಅಗಲಿಸಿ ಕಲ್ಲಿನ ಹಾಗೆ ನಿಂತಿತ್ತು. ಹೊರಗೆ ಮಾಂಸದ ಅಂಗಡಿಯವರು ಕೂಗುತ್ತಿದ್ದರು, ನರಸಣ್ಣ ಮಾತ್ರ ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಅದು ಒಮ್ಮೆ ಸಣ್ಣಗೆ ಮೈ ಅಲುಗಿಸಿತು. ಕೊನೆಗೆ ಉಳಿದ ಎರಡು ಕುರಿಗಳಿಗೆ ಅವನು ಜೋಡಿಯಾಗಿ ನೀರು ಹಾಕಿದ, ಎರಡೂ ಒಟ್ಟಿಗೆ ಮೈ ಕೊಡವಿದ ಮೇಲೆ ಒಂದನ್ನು ಕೊಯ್ದು, ಅದೇ ಉಸಿರಿನಲ್ಲಿ ಪಕ್ಕದ್ದನ್ನೂ ಕೊಯ್ದ. ಎರಡನೆಯದರ ಮೂಗು ಮೊದಲನೆಯದರ ಮೈಗೆ ತಾಗಿಕೊಂಡೇ ಇತ್ತು.

ಶೋಭಾರಾಣಿ ಹೊರಗೆ ಓಡಲಿಲ್ಲ, ಕಣ್ಣೂ ಮುಚ್ಚಲಿಲ್ಲ. ನೋಡಲಿಕ್ಕೆಂದೇ ಬಂದವಳು ಪೂರ್ತಿ ನೋಡಿದಳು.

"ಒಂದು ಪ್ರಾಣಿ ಕಣ್ಮುಂದ ಇನ್ನೊಂದನ್ನ ಕೊಯ್ಯೋ ಹಂಗಿಲ್ಲ. ಅದು ಕಾನೂನು" ಎಂದಳು. "ಕೊಯ್ಯೋ ಮುಂಚೆ ಅವು ಒಂದು ಹಗಲು ಒಂದು ರಾತ್ರಿ ಇಲ್ಲೇ ದೊಡ್ಡಿಯೊಳಗ ದಣಿವಾರಿಸಿಕೋಬೇಕು. ಅದೂ ಕಾನೂನು. ಲಾರಿಯಿಂದ ಇಳಿಸಿದ ಕೂಡಲೆ ಹಗ್ಗಕ್ಕ ಕಟ್ಟಾಕ ಬರಂಗಿಲ್ಲ."

ಕಸಾಯಿಖಾನೆಯನ್ನು ಗುತ್ತಿಗೆ ಹಿಡಿದಿದ್ದ ಲಕ್ಷ್ಮಿಕಾಂತ್ ನಕ್ಕ. ಒಳ್ಳೆಯ ಮಾತುಗಾರ, ಕನ್ನಡದ ನಡುವೆ ತೆಲುಗು ಬೆರೆಸುವವನು, ಸಿಟ್ಟು ಬಂದಾಗಲೂ ನಗುವ ಮನುಷ್ಯ. ದಿನಾ ಬೆಳಿಗ್ಗೆ ಪತ್ತಿಕೊಂಡದ ಕಡೆಯಿಂದ ಕುರಿ ತುಂಬಿದ ಗಾಡಿ ತರಿಸುವವನು ಅವನೇ.

"ಕೊಯ್ಯೋ ಕುರಿಗೆ ಹೊಸ ಅಳಿಯನಂಗ ಉಪಚಾರ ಮಾಡಬೇಕೇನ್ರಿ ಮೇಡಂ? ಮೇವು ಹಾಕಿ, ನೀರು ಕುಡಿಸಿ, ಹಾಸಿ ಮಲಗಿಸಿ? ಸಂತಕಂ ಪೆಟ್ಟಂಡಿ, ಅಯಿಪೋತುಂದಿ. ಸಹಿ ಹಾಕಿಬಿಡ್ರಿ, ಮುಗದು ಹೋಗತೈತಿ. ತಿನ್ನೋ ಜನಕ್ಕ ಇಲ್ಲದ ಚಿಂತಿ ತಿನ್ನಲಾರದ ನಿಮಗ್ಯಾಕ?"

ಅವಳು ಕಷ್ಟಕ್ಕೆ ಸಿಕ್ಕಿದ್ದು ಅಲ್ಲೇ. 'ಕಾನೂನಿನ ಪ್ರಕಾರ ಇಲ್ಲ' ಎಂದು ಬರೆದರೆ ಮೇಲಿನವರು ಬೀಗ ಜಡಿಯುತ್ತಾರೆ. ಬೀಗ ಜಡಿದ ಮಾತ್ರಕ್ಕೆ ಊರು ಮಾಂಸ ತಿನ್ನುವುದನ್ನು ಬಿಡುವುದಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ, ಮೋರಿಯ ಪಕ್ಕ, ಹುಣಸೆ ಮರದ ಬುಡದಲ್ಲಿ ಕೊಯ್ಯುತ್ತಾರೆ, ನೀರು ಹಾಕಿ ಕೇಳುವ ನರಸಣ್ಣನೂ ಅಲ್ಲಿರುವುದಿಲ್ಲ. 'ಎಲ್ಲ ಸರಿಯಾಗಿದೆ' ಎಂದು ಬರೆದರೆ ಅದು ಹಸಿ ಸುಳ್ಳು. ಬೀಗವೂ ಬೇಡ, ಸುಳ್ಳೂ ಬೇಡ, ತಿಂಗಳು ಮುಗಿಯುವುದರೊಳಗೆ ಇದನ್ನು ಸರಿ ಮಾಡಿಯೇ ತೀರುತ್ತೇನೆ ಎಂದು ಶೋಭಾರಾಣಿ ಗೇಟು ದಾಟುವ ಮುಂಚೆಯೇ ನಿಶ್ಚಯ ಮಾಡಿದಳು. ಹಟ ಅವಳಿಗೆ ಅಪ್ಪನ ಕಡೆಯಿಂದ ಬಂದಿತ್ತು ಎನ್ನುತ್ತಾರೆ. ಅಮ್ಮನ ಕಡೆಯಿಂದ ಬಂದದ್ದೂ ಕಡಿಮೆಯೇನಿರಲಿಲ್ಲ.

ಆ ಅಮ್ಮ ಅಂಬಮ್ಮ, ಮಗಳ ಜೊತೆ ಕೆಂಚನಬಾವಿಯಲ್ಲೇ ಇದ್ದಳು. ಮಗಳು ಎಲ್ಲಿಗೆ ಹೋಗಿ ಬಂದಳೆಂದು ತಿಳಿದ ಕೂಡಲೇ ಆಕೆಯನ್ನು ಮುಂಬಾಗಿಲಿನಿಂದ ಒಳಗೆ ಬಿಡಲಿಲ್ಲ. ಹಿತ್ತಲಿಗೆ ಕಳಿಸಿ, ಬಚ್ಚಲಕಟ್ಟೆಯ ಮೇಲೆ ನಿಲ್ಲಿಸಿ, ದೂರದಲ್ಲಿ ನಿಂತು ಕೊಡದಿಂದ ತಣ್ಣೀರನ್ನು ತಲೆಯ ಮೇಲೆ ಎರಚಿದಳು.

"ರಾಜ್ಯದಾಗ ಮತ್ಯಾರೂ ಡಾಕ್ಟರು ಇಲ್ಲೇನು? ನೀನ ಹೋಗಬೇಕೇನು ಆ ನರಕಕ್ಕ?"

"ನಾವು ತಿನ್ನಂಗಿಲ್ಲ ಅಂತ ಅವು ಸಾಯೋದು ನಿಲ್ಲತೈತೇನಮ್ಮ?"

"ನಿಲ್ಲಂಗಿಲ್ಲ. ಹಂಗಂತ ನೀ ನಿಂತು ನೋಡಿದ್ರ ಪುಣ್ಯ ಬರತೈತೇನು? ಮುಟ್ಟಬ್ಯಾಡ ನನ್ನ, ಪೂಜಿ ಆಗಿಲ್ಲ."

ಅಂದಿನಿಂದ ಇದು ನಿತ್ಯದ ಕ್ರಮವಾಯಿತು. ಮಗಳು ಹಿತ್ತಲಿನಿಂದ ಬರುವುದು, ಅಮ್ಮ ದೂರದಿಂದ ನೀರು ಎರಚುವುದು. ಇಬ್ಬರಲ್ಲಿ ಒಬ್ಬರೂ ಸೋಲಲಿಲ್ಲ.

ಶೋಭಾರಾಣಿ ಮೊದಲು ನರಸಣ್ಣನನ್ನು ಒಪ್ಪಿಸಲು ನೋಡಿದಳು. ಕೊಯ್ಯುವ ಜಾಗಕ್ಕೆ ಅಡ್ಡ ಒಂದು ಗೋಡೆ ಬಂದರೆ ಉಳಿದವಕ್ಕೆ ಕಾಣುವುದಿಲ್ಲ ಎಂದಳು. ಅವನು ಕತ್ತಿ ಮಸೆಯುತ್ತಾ ತಲೆ ಎತ್ತದೆ ಕೇಳಿಸಿಕೊಂಡ.

"ಗೋಡಿ ಹಿಂದ ಒಯ್ದ್ರ ಕುರಿ ಒಂದ ಆಗತೈತ್ರಿ. ಒಂದ ಇದ್ದ ಕುರಿ ಮೈ ಜಾಡಿಸಂಗಿಲ್ಲ. ಜಾಡಿಸಲಾರದ ಕುರಿ ನಾ ಕೊಯ್ಯಂಗಿಲ್ಲ. ನಿಮ್ಮ ಕಾನೂನು ನಿಮಗ, ನನ್ನ ಪಾಪ ನನಗ."

"ಕಣ್ಮುಂದ ಇನ್ನೊಂದು ಸಾಯೋದು ನೋಡಿ ಅವು ಬೆದರಿ ನಿಲ್ಲತಾವು. ಅದಕ್ಕ ನಿನ್ನ ಒಪ್ಪಿಗಿ ತಡ ಆಗತೈತಿ ನರಸಣ್ಣ."

"ತಡ ಆದ್ರ ಆಗಲಿ. ವಿಚಾರ ಮಾಡತಾವು. ಜೀವ ಕೊಡೋ ಮುಂದ ಸ್ವಲ್ಪ ವಿಚಾರ ಮಾಡಬಾರದೇನು?"

ಇದಕ್ಕೆ ಏನು ಹೇಳುತ್ತೀರಿ? ನೋಡಿಯೇ ಬಿಡೋಣ ಎಂದು ಶೋಭಾರಾಣಿ ಮರುದಿನ ಬೆಳಿಗ್ಗೆ ಜಂಬುನಾಥನ ಕೈಯಲ್ಲಿ ಹತ್ತಿ ಮುಚ್ಚುವ ದೊಡ್ಡ ತಾಡಪತ್ರಿ ತರಿಸಿ ಕೊಯ್ಯುವ ಜಾಗಕ್ಕೆ ಅಡ್ಡ ಕಟ್ಟಿಸಿದಳು. ಸುದ್ದಿ ತಿಳಿದು ಅಂಗಡಿಯವರೆಲ್ಲ ನೋಡಲು ನೆರೆದರು. ಒಂದು ಟಗರನ್ನು ಪರದೆಯ ಹಿಂದೆ ಒಯ್ದರು. ನರಸಣ್ಣ ನೀರು ಸುರಿದ.

ಟಗರು ಮೈ ಕೊಡವಲಿಲ್ಲ. ಅರಚಲು ಶುರುಮಾಡಿತು. ಸುತ್ತಲೂ ತಿರುಗಿ ತಿರುಗಿ ತನ್ನವರನ್ನು ಹುಡುಕಿತು, ಗಂಟಲು ಹರಿಯುವ ಹಾಗೆ ಕೂಗಿತು. ಪರದೆಯ ಆಚೆ ಹಗ್ಗದಲ್ಲಿದ್ದ ಕುರಿಗಳೂ ಕೂಗಿದವು. ನೀರು ಖಾಲಿಯಾಯಿತು, ಇನ್ನೊಂದು ಬಕೆಟ್ ಬಂತು. ಅದೂ ಖಾಲಿಯಾಯಿತು. ಕೊನೆಗೆ ನರಸಣ್ಣ ಅದನ್ನು ಹಗ್ಗದ ಹತ್ತಿರ ವಾಪಸ್ ಕರೆದುಕೊಂಡು ಹೋದ. ಟಗರು ಇನ್ನೊಂದು ಕುರಿಯ ಪಕ್ಕೆಗೆ ಮೂಗು ಚುಚ್ಚಿ, ಮುಖ ಅಲ್ಲೇ ಮುಚ್ಚಿಕೊಂಡು, ತಲೆಯಿಂದ ಬಾಲದವರೆಗೆ ಮೈ ಕೊಡವಿತು. ನೀರು ನೋಡುವವರ ಮೇಲೆಲ್ಲ ಸಿಡಿಯಿತು, ನೆರೆದವರು ಹೋ ಎಂದು ನಕ್ಕರು.

"ಮುಗೀತೇನ್ರಿ ನಿಮ್ಮ ಕಾನೂನು?" ಎಂದ ಲಕ್ಷ್ಮಿಕಾಂತ್.

"ಮುಗದಿಲ್ಲ" ಎಂದಳು ಶೋಭಾರಾಣಿ. ಮುಖ ಕೆಂಪಾಗಿತ್ತು, ಅವಮಾನ ಆಗಿದ್ದು ನಿಜ. ಆದರೆ ಬಾಯಿಂದ ಬಂದ ಮಾತಿನಿಂದ ಹಿಂದೆ ಸರಿಯುವ ಜಾತಿ ಅವಳದಲ್ಲ.

ಆ ವಾರ ಹೊಳಗುಂದದ ಹತ್ತಿರ ಒಂದು ಹಳ್ಳಿಯಲ್ಲಿ ಕುರಿಗಳಿಗೆ ಔಷಧದ ನೀರಿನಲ್ಲಿ ಸ್ನಾನ ಮಾಡಿಸುವ ಶಿಬಿರವಿತ್ತು. ಮೈಗೆ ಹತ್ತಿದ ಉಣ್ಣಿ ಹುಳ ಬಿಡಿಸಲು ಹಿಂಡುಗಳನ್ನೇ ತೊಟ್ಟಿಗೆ ಇಳಿಸಿ ಆಚೆ ದಡಕ್ಕೆ ಹತ್ತಿಸಬೇಕು. ಕುರುಬರು ಒಂದೊಂದನ್ನೇ ಹಿಡಿದು ಇಳಿಸುತ್ತಿದ್ದರು, ಶೋಭಾರಾಣಿ ದಡದ ಮೇಲೆ ನಿಂತು ನೋಡುತ್ತಿದ್ದಳು. ಮೊದಲು ಮೇಲೆ ಬಂದ ಕುರಿ ಮೈ ತುಂಬ ನೀರು ಸುರಿಸಿಕೊಂಡು ಓಡಾಡಿತೇ ಹೊರತು ಕೊಡವಲಿಲ್ಲ. ಎರಡನೆಯದು ಬಂದು ಪಕ್ಕದಲ್ಲಿ ನಿಂತ ಕೂಡಲೇ ಎರಡೂ ಒಟ್ಟಿಗೆ ಕೊಡವಿದವು. ಆಮೇಲೆ ಬಂದವೆಲ್ಲ ದಡ ಹತ್ತಿ ಗುಂಪು ಸೇರಿದ ಮೇಲೆಯೇ ಕೊಡವಿದವು, ಮೇಲೆ ಬಂದ ಹಾಗೆಯೇ ಯಾವುದೂ ಕೊಡವಲಿಲ್ಲ. ಕೊಡವಿದ್ದೇ ತಡ, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ನೆಲದ ಹುಲ್ಲಿಗೆ ಬಾಯಿ ಹಾಕಿದವು.

ಅವಳು ಇಷ್ಟು ವರ್ಷ ಎಷ್ಟು ಕುರಿಗಳಿಗೆ ಸ್ನಾನ ಮಾಡಿಸಿದ್ದಳೋ, ಒಮ್ಮೆಯೂ ಇದನ್ನು ಗಮನಿಸಿರಲಿಲ್ಲ. ನರಸಣ್ಣ ಹೇಳಿದ್ದು ಸರಿ, ಒಂಟಿ ಕುರಿ ಕೊಡವುವುದಿಲ್ಲ. ತಾನು ಹೇಳಿದ್ದೂ ಸರಿ, ಬೆದರಿದ ಕುರಿ ಕೊಡವುವುದಿಲ್ಲ. ಹಾಗಾದರೆ ಕೇಳುವ ಜಾಗವೂ ಕೊಯ್ಯುವ ಜಾಗವೂ ಒಂದೇ ಆಗಿರಬೇಕೆಂದು ಯಾರು ಹೇಳಿದರು? ಜಂಬುನಾಥ ಔಷಧದ ಡಬ್ಬಿ ಮುಚ್ಚುವಷ್ಟರಲ್ಲಿ ಅವಳು ಸ್ಕೂಟರ್ ಹತ್ತಿ ಕೂತಿದ್ದಳು.

ನರಸಣ್ಣ ಮಧ್ಯಾಹ್ನದ ಊಟ ಮುಗಿಸಿ ಕಸಾಯಿಖಾನೆಯ ಜಗುಲಿಯ ಮೇಲೆ ಕೂತಿದ್ದ. ಶೋಭಾರಾಣಿ ಅವನ ಎದುರಿಗೇ ನೆಲದ ಮೇಲೆ ಕೂತು, ಒಂದು ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದಳು. ಇಲ್ಲಿ ದೊಡ್ಡಿ, ಎಲ್ಲ ಕುರಿಗಳೂ ಒಟ್ಟಿಗೆ. ದೊಡ್ಡಿಯ ಬಾಯಲ್ಲೇ ನೀರು ಹಾಕಿ ಕೇಳುವುದು, ತನ್ನವರ ನಡುವೆ ನಿಂತಿರುವಾಗ. ಅಲ್ಲಿಂದ ಬಾಗಿದ ಒಂದು ಸಣ್ಣ ದಾರಿ. ಬಾಗಿನ ಆಚೆ ಗೋಡೆಯ ಮರೆಯಲ್ಲಿ ಕೊಯ್ಯುವ ಜಾಗ, ಒಂದು ಸಲಕ್ಕೆ ಒಂದೇ ಕುರಿ.

ನರಸಣ್ಣ ದೊಡ್ಡಿಯಿಂದ ಬಾಗಿನವರೆಗೆ ಆ ಗೆರೆಯ ಮೇಲೆ ಬೆರಳು ಎಳೆದ.

"ಒಪ್ಪಿಗಿ ಕೊಟ್ಟ ಮ್ಯಾಲ ತಡ ಮಾಡಬಾರದ್ರಿ ಡಾಕ್ಟ್ರಮ್ಮ. ತಂಗಳ ಒಪ್ಪಿಗಿ ನಡೆಯಂಗಿಲ್ಲ. ಎಳದುಕೊಂಡೂ ಹೋಗಬಾರದು. ತಾನಾ ನಡದು ಬರಬೇಕು."

"ಹತ್ತು ಹೆಜ್ಜಿ ಆಗಂಗಿಲ್ಲ. ಎಳೆಯೋ ಕೆಲಸಾನೂ ಇಲ್ಲ."

"ಒಂದೇ ಒಂದು ಕುರಿ ಎಳಸಿಕೊಂಡ್ರ ಗೋಡಿ ನಾನ ಕೆಡವತೀನಿ."

"ಕೆಡವು. ನಾನೂ ಕೈ ಹಚ್ಚತೀನಿ."

ಮೊದಲ ಸಲ ಅವನು ಅವಳ ಮುಖವನ್ನು ನೇರವಾಗಿ ನೋಡಿದ. ಹಟಮಾರಿಗಳಿಗೆ ಹಟಮಾರಿಗಳನ್ನು ಕಂಡರೆ ಒಂದು ಬಗೆಯ ಮರ್ಯಾದೆ ಇರುತ್ತದೆ.

ಗೋಡೆಗೆ ಖರ್ಚೇನೂ ಬರಲಿಲ್ಲ. ಹಳೆಯ ಬಾವಿಕಟ್ಟೆ ಕೆಡವಿದಾಗ ಉಳಿದ ಬೇತಂಚೆರ್ಲದ ಚಪ್ಪಟೆ ಬಂಡೆಗಳು ಕಸಾಯಿಖಾನೆಯ ಹಿಂದೆಯೇ ಬಿದ್ದಿದ್ದವು. ಅವನ್ನು ಸಾಲಾಗಿ ನೆಟ್ಟು ಸಂದುಗಳಿಗೆ ಸಿಮೆಂಟು ಮೆತ್ತಿದರು. ಬಿಟ್ಟಿ ಗೋಡೆಗೆ ಲಕ್ಷ್ಮಿಕಾಂತ್ ತಕರಾರು ತೆಗೆಯಲಿಲ್ಲ. ಆದರೆ ಕುರಿಗಳನ್ನು ಒಂದು ದಿನ ಮುಂಚೆ ತರಿಸುವ ಮಾತು ಬಂದಾಗ ಕೈ ಎತ್ತಿಬಿಟ್ಟ. ಮೇವು ಯಾರು ಹಾಕಬೇಕು, ಕಾವಲು ಯಾರು ಇರಬೇಕು, ಒಂದು ಸತ್ತರೆ ಯಾರು ಹೊಣೆ?

"ಗೋಡಿ ಅಂದ್ರಿ, ಕೊಟ್ಟೆ. ಇನ್ನ ಸಾಕು ಮೇಡಂ. ಒಂದು ಕಣ್ಣು ಮುಚ್ಚಿಕೊಂಡು ಬರದುಬಿಡ್ರಿ."

ಶನಿವಾರ ಬೆಳಿಗ್ಗೆ ಮೊದಲ ಸಲ ಹೊಸ ರೀತಿಯಲ್ಲಿ ಕೆಲಸ ಶುರುವಾಯಿತು. ಕುರಿಗಳು ಆಗಷ್ಟೇ ಗಾಡಿಯಿಂದ ಇಳಿದಿದ್ದವು, ಅದು ಶೋಭಾರಾಣಿಯ ಕಣ್ಣಿಗೆ ಚುಚ್ಚಿತು. ಅವಳು ಜಂಬುನಾಥನ ಕೈಯಲ್ಲಿ ಒಂದು ಹೊರೆ ಶೇಂಗಾ ಹೊಟ್ಟು ತರಿಸಿ ದೊಡ್ಡಿಯೊಳಗೆ ಹಾಕಿಸಿ, ಸ್ವಲ್ಪ ಹೊತ್ತು ಕಾಯಿರಿ ಎಂದಳು. ಆಮೇಲೆ ನರಸಣ್ಣ ದೊಡ್ಡಿಯ ಬಾಯಲ್ಲಿ ಮೊದಲ ಕುರಿಗೆ ನೀರು ಸುರಿದ. ಚೆಂಬು ಇನ್ನೂ ಕೈಯಲ್ಲೇ ಇತ್ತು, ಕುರಿ ಪಟಪಟ ಮೈ ಕೊಡವಿತು. ಕೊರಳಿಗೆ ಕೈ ಹಚ್ಚಿದರೆ ಸಾಕು, ನಡೆದು ಬಂತು. ಬಾಗಿನ ಆಚೆ ಏನಿದೆ ಎಂದು ಅದಕ್ಕೆ ಗೊತ್ತಾಗುವುದರೊಳಗೆ ಮುಗಿದಿತ್ತು.

ಶೋಭಾರಾಣಿ ಗೋಡೆಯ ಈಚೆ ಬಂದು ದೊಡ್ಡಿಯನ್ನು ನೋಡಿದಳು. ಉಳಿದ ಕುರಿಗಳು ಕೂಗುತ್ತಿರಲಿಲ್ಲ. ಒಂದೆರಡು ಕಾಲು ಮಡಿಚಿ ಕೂತು ಮೆಲುಕು ಹಾಕುತ್ತಿದ್ದವು. ಬೆದರಿದ ಪ್ರಾಣಿ ಮೆಲುಕು ಹಾಕುವುದಿಲ್ಲ ಎಂದು ಅವಳು ಎಂದೋ ಪರೀಕ್ಷೆಗೆ ಬರೆದಿದ್ದಳು, ಅಂಕವೂ ಬಂದಿತ್ತು. ಅದರ ಅರ್ಥ ತಿಳಿದದ್ದು ಈಗ. ಅವಳ ಎದೆಯಲ್ಲಿ ಇಷ್ಟು ದಿನ ಕೂತಿದ್ದ ಭಾರ ಇಳಿದು ಸಂತೋಷವಾಯಿತು, ಅದಕ್ಕೆ ಅವಳು ನಾಚಿಕೊಳ್ಳಲಿಲ್ಲ.

ಕೆಲಸ ದಿನಕ್ಕಿಂತ ಬೇಗ ಸಾಗಿತು. ಅಂಗಡಿಯವರು ಕೂಗುವ ಮೊದಲೇ ಮಾಂಸ ಹೊರಗೆ ಹೋಗುತ್ತಿತ್ತು. ಲಕ್ಷ್ಮಿಕಾಂತ್ ಚಹಾ ತರಿಸಿ ಎಲ್ಲರಿಗೂ ಹಂಚಿದ.

ಕೊನೆಗೆ ಎರಡು ಉಳಿದವು. ನರಸಣ್ಣ ರೂಢಿಯ ಪ್ರಕಾರ ಎರಡಕ್ಕೂ ನೀರು ಹಾಕಲು ಚೆಂಬು ಎತ್ತಿದ.

"ಜೋಡಿ ಒಯ್ಯಲೇನ್ರಿ?"

"ಇಲ್ಲ ನರಸಣ್ಣ. ಒಂದರ ಮುಂದ ಇನ್ನೊಂದು ಅಂದ್ರ ಗೋಡಿ ಕಟ್ಟಿದ್ದು ಯಾಕ?"

ಅವನು ಒಂದನ್ನು ಕೇಳಿದ, ಅದು ಒಪ್ಪಿತು, ಒಯ್ದ. ಈಗ ದೊಡ್ಡಿಯಲ್ಲಿ ಒಂದೇ ಕುರಿ ಉಳಿಯಿತು. ಮೈಯೆಲ್ಲ ಬಿಳಿ, ಒಂದು ಕಿವಿ ಮಾತ್ರ ಕಪ್ಪು. ಅದು ಖಾಲಿ ದೊಡ್ಡಿಯನ್ನು ಒಮ್ಮೆ ಸುತ್ತಿತು. ಮತ್ತೊಮ್ಮೆ ಸುತ್ತಿತು. ಆಮೇಲೆ ಬಾಯಿ ತೆರೆದು ಕೂಗಲು ಶುರುಮಾಡಿತು.

ಗೆರೆ ಎಳೆಯುವಾಗ ಶೋಭಾರಾಣಿ ಎಲ್ಲವನ್ನೂ ಯೋಚಿಸಿದ್ದಳು. ಎಲ್ಲ ಹಿಂಡಿಗೂ ಒಂದು ಕೊನೆಯ ಕುರಿ ಇರುತ್ತದೆ ಎನ್ನುವುದನ್ನು ಮಾತ್ರ ಮರೆತಿದ್ದಳು.

ನರಸಣ್ಣ ನೀರು ಸುರಿದ. ಕುರಿ ಕೂಗಿತು. ಇನ್ನೊಂದು ಚೆಂಬು ಸುರಿದ. ಕುರಿ ಕೂಗುವುದನ್ನೂ ಬಿಟ್ಟು ಮರಗಟ್ಟಿ ನಿಂತಿತು, ಹೊಟ್ಟೆಯ ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ಯಾರದೋ ಮನೆಯ ದೇವರ ಔತಣಕ್ಕೆಂದು ಅದನ್ನು ಹೇಳಿಟ್ಟಿದ್ದವರ ಆಟೊ ಹಾರ್ನ್ ಹೊಡೆಯುತ್ತಿತ್ತು.

"ನಡೀಲಿ ನರಸಣ್ಣ, ಒಂದಕ್ಕ ಏನಾಗತೈತಿ" ಎಂದ ಲಕ್ಷ್ಮಿಕಾಂತ್. ಶೋಭಾರಾಣಿಯ ಕಡೆ ತಿರುಗಿದ. "ಮೇಡಂ, ಇದರ ಮುಂದ ಈಗ ಯಾವ ಕುರೀನೂ ಇಲ್ಲ. ನಿಮ್ಮ ಕಾನೂನು ಸರಿ ಹೋತಲ್ಲ? ಮತ್ತೇನು?"

ಮಾತು ನಿಜವಾಗಿತ್ತು. ಬೇರೆ ಪ್ರಾಣಿಯ ಕಣ್ಣೆದುರಿಗೆ ಅಲ್ಲ, ಕಾನೂನಿನ ಆ ಸಾಲಿಗೆ ಚ್ಯುತಿ ಇಲ್ಲ. ಅವಳು ಸುಮ್ಮನಿದ್ದರೆ ಸಾಕಿತ್ತು. ಬೆಳಗಿನಿಂದ ಗೆದ್ದದ್ದೆಲ್ಲ ಕೈಯಲ್ಲಿ ಉಳಿಯುತ್ತಿತ್ತು, ಒಂದು ಕಣ್ಣು ಮುಚ್ಚಿ ಬರೆಯಲೂಬಹುದಿತ್ತು. ನರಸಣ್ಣ ಲಕ್ಷ್ಮಿಕಾಂತನ ಮುಖ ನೋಡಿದ, ಆಟೊ ಕಡೆ ನೋಡಿದ. ಅವನ ಕೈ ಕುರಿಯ ಕೊರಳ ಹತ್ತಿರ ಹೋಯಿತು. ವಯಸ್ಸಾದ ಮನುಷ್ಯ, ಬೆಳಗಿನಿಂದ ದಣಿದಿದ್ದ.

"ನರಸಣ್ಣ, ಇದು ಮೈ ಜಾಡಿಸಿಲ್ಲ" ಎಂದಳು ಶೋಭಾರಾಣಿ.

ಅವಳು ದೊಡ್ಡಿಯ ಬಾಯಿಗೆ ಅಡ್ಡ ಬಂದು ನಿಂತಳು.

"ನನ್ನ ಕಾನೂನು ನಾ ಬಿಟ್ಟಿಲ್ಲ. ನಿನ್ನ ಕಾನೂನು ನೀ ಬಿಡತೀಯೇನು?"

ನರಸಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. ಕತ್ತಿಯನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆದು, ಅರಿವೆಯಿಂದ ಒರೆಸಿ, ಗೋಡೆಯ ಗೂಡಿನಲ್ಲಿಟ್ಟ.

"ಇವತ್ತು ಇದನ್ನ ಕೊಯ್ಯಂಗಿಲ್ರಿ."

"ನೀ ಕೊಯ್ಯಲಿಲ್ಲ ಅಂದ್ರ ಆದೋನಿಯಿಂದ ಬ್ಯಾರೆಯವನ್ನ ಕರಸತೀನಿ" ಎಂದ ಲಕ್ಷ್ಮಿಕಾಂತ್. ಈ ಸಲ ಅವನು ನಗಲಿಲ್ಲ.

"ಕರಸ್ರಿ. ಒಪ್ಪಿಗಿ ಇಲ್ಲದ ಮಾಂಸ ಊರಾಗ ಯಾರು ಕೊಳ್ಳತಾರ ನೋಡೂಣು."

ಬಾಗಿಲಲ್ಲಿ ನೆರೆದಿದ್ದ ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾಡಪತ್ರಿಯ ದಿನ ನಕ್ಕವರಲ್ಲಿ ಇವತ್ತು ಯಾರೂ ನಗಲಿಲ್ಲ. ನಮಗೆ ಬೇಡಪ್ಪಾ ಎಂದು ಒಬ್ಬ ಗೊಣಗಿದ, ಉಳಿದವರು ತಲೆಯಾಡಿಸಿದರು. ಆಟೊದವನೇ ಇಳಿದು ಬಂದು ಇಣುಕಿ ನೋಡಿ, ನಾಳೆ ಬರುತ್ತೇನೆ ಎಂದು ಹೇಳಿ ಹೊರಟುಹೋದ. ದೇವರ ಔತಣ, ಅವನಿಗೂ ಭಯವಿತ್ತು.

ಲಕ್ಷ್ಮಿಕಾಂತ್ ತಲೆ ಕೆರೆದುಕೊಂಡ. "ನಾಳೆನೂ ಒಂದು ಉಳೀತೈತಿ. ನಾಡಿದ್ದೂ ಒಂದು. ದಿನಾ ಒಂದು ಬಿಟ್ಟು ನಾ ಹೆಂಗ ವ್ಯಾಪಾರ ಮಾಡಲಿ?"

ಇದಕ್ಕೇ ಕಾಯುತ್ತಿದ್ದವಳ ಹಾಗೆ ಶೋಭಾರಾಣಿ ಹೇಳಿದಳು, "ನಾಳಿನ ಕುರಿ ಇವತ್ತ ದೊಡ್ಡಿಯಾಗ ಇದ್ರ ಯಾವ ಕುರೀನೂ ಕೊನೀದು ಆಗಂಗಿಲ್ಲ."

ಎಲ್ಲರೂ ನರಸಣ್ಣನ ಕಡೆ ತಿರುಗಿದರು. ಅವನು ಸ್ವಲ್ಪ ಯೋಚಿಸಿ, ಹೌದು ಎಂದು ತಲೆಯಾಡಿಸಿದ.

"ನಾಳಿನವು ಇವತ್ತ ಬರಬೇಕ್ರಿ. ದಿನಾ. ಇಲ್ಲಂದ್ರ ಕತ್ತಿ ಗೂಡಿನಾಗ ಇರತೈತಿ."

ದಿಲ್ಲಿಯವರು ಬರೆದ ಸಾಲನ್ನು ಎಷ್ಟು ಓದಿ ಹೇಳಿದರೂ ಕೇಳದ ಲಕ್ಷ್ಮಿಕಾಂತ್, ಬೈದುಕೊಳ್ಳುತ್ತಲೇ ಫೋನ್ ತೆಗೆದು ಪತ್ತಿಕೊಂಡಕ್ಕೆ ಮಾಡಿದ. ಭಾನುವಾರಕ್ಕೆಂದು ಹೇಳಿದ್ದ ಗಾಡಿ ಆ ದಿನ ಬಿಸಿಲೇರುವ ಮುಂಚೆಯೇ ಬಂತು. ಹಲಗೆ ಇಳಿಸಿದ ಕೂಡಲೇ ಕರಿಕಿವಿಯ ಕುರಿ ಓಡಿಹೋಗಿ ಹೊಸಬರ ನಡುವೆ ನುಗ್ಗಿತು. ಸಂಜೆ ಶೋಭಾರಾಣಿ ಹೊರಡುವಾಗ ಅದು ಮೇವು ತಿನ್ನುತ್ತಿತ್ತು.

ಭಾನುವಾರ ಅದೇ ಹೊತ್ತಿಗೆ, ಒಂದು ಹಗಲು ಒಂದು ರಾತ್ರಿ ತುಂಬಿದ ಮೇಲೆ, ಅವಳು ದೊಡ್ಡಿಯೊಳಗೆ ಹೋಗಿ ಒಂದೊಂದನ್ನೇ ಮುಟ್ಟಿ ಪರೀಕ್ಷೆ ಮಾಡಿದಳು. ಗಬ್ಬದ ಒಂದು ಕುರಿಯನ್ನು ಹೊರಗೆ ಕಳಿಸಿದಳು, ಲಕ್ಷ್ಮಿಕಾಂತ್ ತಾನೇ ಗೇಟು ತೆಗೆದ. ಎಲ್ಲವೂ ಕಾನೂನಿನ ಪ್ರಕಾರ ನಡೆಯುವ ಮೊದಲ ದಿನ ಅದು. ನಿನ್ನೆಯಿಂದ ಕಾದಿದ್ದ ಕರಿಕಿವಿಯದಕ್ಕೇ ಮೊದಲ ಸರದಿ. ನರಸಣ್ಣ ಚೆಂಬಿನಲ್ಲಿ ನೀರು ತುಂಬಿ ಅವಳ ಮುಂದೆ ಹಿಡಿದ.

"ಇದನ್ನ ನೀವ ಕೇಳ್ರಿ ಡಾಕ್ಟ್ರಮ್ಮ."

ಜಂಬುನಾಥ ಗಾಬರಿಯಿಂದ ಅವಳ ಹಣೆಯ ವಿಭೂತಿಯನ್ನೂ ಚೆಂಬನ್ನೂ ನೋಡಿದ. ಬೇಡ ಎನ್ನಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಇಷ್ಟು ದಿನ ಅವಳು ನೋಡಿದ್ದಳು, ಹೇಳಿದ್ದಳು, ಜಗಳ ಮಾಡಿದ್ದಳು. ಆ ಕುರಿಯ ಸಾವಿಗೆ ಕೈ ಹಚ್ಚಿರಲಿಲ್ಲ. ಆದರೆ ಅದು ನಿನ್ನೆ ಬದುಕಿದ್ದು ಅವಳ ಮಾತಿನಿಂದ, ಇವತ್ತು ಸಾಯುವುದೂ ಅವಳ ಸಹಿಯಿಂದ. ಅವಳು ಚೆಂಬು ತೆಗೆದುಕೊಂಡಳು.

ಬೆನ್ನ ಮೇಲೆ ನೀರು ನಿಧಾನವಾಗಿ ಹರಿಯಿತು. ಕುರಿ ಒಮ್ಮೆ ತಲೆಯೆತ್ತಿ ಅವಳನ್ನು ನೋಡಿ, ಪಕ್ಕದ ಕುರಿಗೆ ಒರಗಿ, ಮೈಯೆಲ್ಲ ಕೊಡವಿತು. ಹನಿಗಳು ಅವಳ ಮುಖದ ಮೇಲೆ, ಕೊರಳ ಲಿಂಗದ ಮೇಲೆ ಬಿದ್ದವು. ನರಸಣ್ಣ ಅದರ ಕೊರಳಿಗೆ ಕೈ ಹಚ್ಚಿದ, ಅದು ನಡೆಯಿತು. ಅವಳೂ ಜೊತೆಗೆ ನಡೆದಳು, ಬಾಗು ದಾಟಿ, ಕೊನೆಯವರೆಗೂ. ಹಿಂದೆ ದೊಡ್ಡಿಯಲ್ಲಿ ಉಳಿದವು ಮೆಲುಕು ಹಾಕುತ್ತಿದ್ದವು.

ಆ ಮಧ್ಯಾಹ್ನ ತಿಂಗಳ ವರದಿ ಬರೆದು ಸಹಿ ಹಾಕಿ ಮನೆಗೆ ಬಂದವಳು ಎಂದಿನಂತೆ ಹಿತ್ತಲಿಗೆ ಹೋಗಿ ಬಚ್ಚಲಕಟ್ಟೆಯ ಮೇಲೆ ನಿಂತಳು. ಅಂಬಮ್ಮ ದೂರದಿಂದ ನೀರು ಎರಚಿದಳು. ಮಗಳು ಅಲುಗಲಿಲ್ಲ. ಇನ್ನೊಂದು ಕೊಡ ಎರಚಿದಳು. ಮುಖ ಒರೆಸಿಕೊಳ್ಳದೆ, ಕೂದಲು ಹಿಂಡಿಕೊಳ್ಳದೆ, ತೊಟ್ಟಿಕ್ಕುತ್ತಾ ಶೋಭಾರಾಣಿ ಹಾಗೆಯೇ ನಿಂತಿದ್ದಳು.

"ಏನಾತವ್ವ?"

"ಇವತ್ತು ನಾನ ನೀರ ಹಾಕಿದೆ ಅಮ್ಮ."

ಅಂಬಮ್ಮ ಕೊಡ ಕೆಳಗಿಟ್ಟಳು. ಪೂಜೆ ಇನ್ನೂ ಆಗಿರಲಿಲ್ಲ, ಮಡಿಸೀರೆ ಉಟ್ಟಿದ್ದಳು. ಆಕೆ ಸೆರಗು ಎತ್ತಿ ಕಟ್ಟಿ, ಬಚ್ಚಲಕಟ್ಟೆ ಹತ್ತಿ, ಮಗಳ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಳು. ಮಗಳ ಮೈಯ ನೀರು ಆಕೆಯನ್ನೂ ತೋಯಿಸಿತು.

"ನಾಳೆ ಮತ್ತ ಹೋಗಬೇಕೇನು?" ಎಂದು ಕೇಳಿದಳು ಅಂಬಮ್ಮ.

"ದಿನಾ ಹೋಗಬೇಕು."

"ಹೋಗು. ಬರೋ ಹೊತ್ತಿಗೆ ನೀರು ಕಾಸಿ ಇಟ್ಟಿರತೀನಿ."

ಶೋಭಾರಾಣಿ ಜೋರಾಗಿ ತಲೆ ಕೊಡವಿದಳು, ಕೂದಲ ನೀರು ಅಮ್ಮನ ಮೇಲೆಲ್ಲ ಸಿಡಿಯಿತು.